ಸಂಗಮದ ತಂದೆ

ಹುನಗುಂದದ ಸೀಮೆಯಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಸ್ಥಳವೇ ಕೂಡಲಸಂಗಮ. ದಂಡೆಯ ಮೇಲೆ ಚಾಳುಕ್ಯ ಶೈಲಿಯ ಸಂಗಮೇಶ್ವರನ ಗುಡಿಯಿದೆ. ಅದರ ಶಿಲ್ಪವನ್ನು ವರ್ಣಿಸಲು ಬಲ್ಲವರು ಬೇಕಾದಷ್ಟು ಮಂದಿಯಿದ್ದಾರೆ. ನಮ್ಮ ಮನಸ್ಸನ್ನು ಸೆಳೆದುದು ಅಲ್ಲಿಗೆ ಬರುವ ಒಕ್ಕಲುಮಕ್ಕಳ ಕರೆ: ‘ಅಪ್ಪಾ ಸಂಗಯ್ಯಾ!’

ಈ ಕರೆಗೆ ಆ ಸ್ಥಳದಲ್ಲಿ ಹಳೆಯ ಕಾರಣವುಂಟು. ಬಸವಣ್ಣನು ಎಳವೆಯಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡು ಮುತ್ತವ್ವೆಯ ಆರೈಕೆಯಲ್ಲಿ ಬೆಳೆದನೆಂದು ಹರಿಹರ ಕವಿಯು ‘ಬಸವರಾಜದೇವರ ರಗಳೆ’ಯಲ್ಲಿ ಹೇಳುವನು. (ಬೇರೆ ಪುರಾಣಗಳ ಕಥೆ ಬೇರೆ, ನನಗೆ ಹರಿಹರನ ಮಾತೇ ಹಿಡಿಸುತ್ತದೆ.) ಜನಿವಾರವನ್ನು ತೊರೆದು ಸಂಗಮಕ್ಕೆ ಬಂದ ಆ ತಬ್ಬಲಿಗೆ ದೇವರೇ ತಂದೆಯಾದನು. ಮುಂದೆ ಆ ತಂದೆಯೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದನು. ಬಸವಣ್ಣನು ಹಲುಬಿದನು, ತನ್ನನ್ನು ಅಗಲಿಸಬೇಡವೆಂದು ಮೊರೆಯಿಟ್ಟನು. ಮರುದಿನ ನಂದಿಯ ಮುಖದಿಂದ ಲಿಂಗವು ಕೈಗೆ ಬಂದಿತು, ಹೊರಟನು. ಮೊರೆಯಿಡುವುದು ಬೇರೆ, ತಪ್ಪು ಹೊರಿಸುವುದು ಬೇರೆ. ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದಮೇಲೆ ಹಿನ್ನೀರು ಇಲ್ಲಿಯವರೆಗೂ ಚಾಚಿತು. ದಡದ ಹೊಲಗಳು ಮುಳುಗಿದವು. ಬಸವಣ್ಣನು ಐಕ್ಯನಾದನೆಂದು ನಂಬುವ ಸ್ಥಳವನ್ನು ಮಾತ್ರ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಉಳಿಸಿದ್ದಾರೆ. ಸೇತುವೆಯ ಮೇಲೆ ನಡೆದು, ಬಳಿಕ ಮೆಟ್ಟಿಲಿಳಿದು ಹೋಗಬೇಕು. ಗೋಡೆಯಾಚೆ ಹೊಳೆಯು ನಮ್ಮ ತಲೆಗಿಂತ ಎತ್ತರದಲ್ಲಿ ನಿಂತಿರುವುದೆಂಬ ನೆನಪಾದಾಗ ಮೈ ಜುಮ್ಮೆನ್ನುವುದು.

ಆ ಮೆಟ್ಟಿಲುಗಳ ಮೇಲೆ ಹಿರಿಯರೊಬ್ಬರು ಸಿಕ್ಕಿದರು. ಅವರ ನಾಲ್ಕು ಎಕರೆ ಎರೆಹೊಲವು ಹಿನ್ನೀರಿನ ಪಾಲಾಗಿತ್ತು. ಪರಿಹಾರದ ವ್ಯಾಜ್ಯವು ಇನ್ನೂ ನಡೆಯುತ್ತಿತ್ತು. ‘ಇಷ್ಟೆಲ್ಲ ಆದರೂ ಸಂಗಯ್ಯನ ಮೇಲೆ ಸಿಟ್ಟಿಲ್ಲವೇ?’ ಎಂದು ಕೇಳಿದೆನು.

‘ಅಪ್ಪನ ಮ್ಯಾಲ ಯಾರರ ಫಿರ್ಯಾದಿ ಮಾಡ್ತಾರೇನ್ರೀ? ನೀರು ನಿಲ್ಲಿಸಿದವರು ಮಂದಿ. ಅವರ ಮ್ಯಾಲ ಮಾಡೀನಿ. ಇವನ ಮುಂದ ಅಳತೀನಿ, ಅಷ್ಟ.’

ಇಂತಹ ನಂಬಿಕೆಯು ಜನರನ್ನು ಕೈಕಟ್ಟಿ ಕೂರಿಸುವುದೆಂದು ವಾದಿಸುವ ವಿದ್ವಾಂಸರು ಈ ಹಿರಿಯರನ್ನೊಮ್ಮೆ ಕಾಣಬೇಕಾಗಿತ್ತು. ಕೋರ್ಟಿನ ತಾರೀಖು ಬರುವ ಸೋಮವಾರವೆಂದು ಅವರು ತಿಳಿಸಿದರು. ಕಾಗದಗಳ ಚೀಲವನ್ನು ಲಿಂಗದ ಮುಂದಿಟ್ಟು, ಅಡ್ಡಬಿದ್ದು, ಮತ್ತೆ ಅದನ್ನು ಕಂಕುಳಿಗೇರಿಸಿಕೊಂಡು ಮೆಟ್ಟಿಲು ಹತ್ತಿದರು.