ಗಲ್ಲಾಪೆಟ್ಟಿಗೆಯಲ್ಲಿ ಸಿಗುವ ತಪ್ಪುಗಳು

ಪ್ರೀತಿಯ ಅಕ್ಕ,

ನಿಮ್ಮ ಕಾಗದ ಬಂತು. ಅಂಗಡಿಗೆ ಬಂದ ಐದು ರೂಪಾಯಿಯ ಹಳೇ ದಪ್ಪ ನಾಣ್ಯದ ಅಂಚಿನಲ್ಲಿ ಕಡಿತ ಇದೆ, ಎಷ್ಟು ಸಿಗಬಹುದು ಎಂದು ಕೇಳಿದ್ದೀರಿ. ಬೆಲೆಯ ಮಾತು ಆಮೇಲೆ. ಅದು ಟಂಕಸಾಲೆಯಲ್ಲೇ ಆದ ಕಡಿತವೋ, ಹೊರಗೆ ಬಂದ ಮೇಲೆ ಯಾರಾದರೂ ಮಾಡಿದ್ದೋ ಅನ್ನುವುದು ಮೊದಲು ಗೊತ್ತಾಗಲಿ.

ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ, ಆಗಲೇ ಬಿದ್ದ ತೂತಿನ ಮೇಲೆ ಕತ್ತರಿ ಇನ್ನೊಮ್ಮೆ ಬೀಳುತ್ತದೆ. ಬಿಲ್ಲೆಯ ಒಂದು ಬದಿ ಬಾಗಿದ ಗೆರೆಯಲ್ಲಿ ಹೋಗಿಬಿಡುತ್ತದೆ. ಈಗ ನಿಮ್ಮ ನಾಣ್ಯದ ಕಡಿತಕ್ಕೆ ಸರಿಯಾಗಿ ಎದುರು ಬದಿ ನೋಡಿ. ಅಂಚು ಎಬ್ಬಿಸುವ ಯಂತ್ರದಲ್ಲಿ ಈ ಕಡೆ ಲೋಹವಿಲ್ಲದ್ದರಿಂದ ಆ ಕಡೆಗೂ ಒತ್ತಡ ಬೀಳುವುದಿಲ್ಲ. ಅಲ್ಲಿ ಅಂಚು ಮಂಕಾಗಿ, ಚಪ್ಪಟೆಯಾಗಿ ಇರಬೇಕು. ಎದುರಂಚು ಗಟ್ಟಿಯಾಗಿದ್ದು, ಕಡಿತದಲ್ಲಿ ಅರದ ಗೀರು ಕಂಡರೆ ಅನುಮಾನಪಡಿ. ಚಿನ್ನದಂಗಡಿಯ ತಕ್ಕಡಿಯಲ್ಲೂ ತೂಗಿಸಿ. ಆ ನಾಣ್ಯದ ಸರಿಯಾದ ತೂಕ 9 ಗ್ರಾಂ.

ನಿಮ್ಮ ಗಲ್ಲಾಪೆಟ್ಟಿಗೆ ನನಗಂತೂ ಹೊಟ್ಟೆಕಿಚ್ಚು ತರುತ್ತದೆ. ಗುಂಡ್ಲುಪೇಟೆಗೆ ಊಟಿಯ ಕಡೆಯಿಂದಲೂ ವಯನಾಡಿನ ಕಡೆಯಿಂದಲೂ ಜನ ಬರುತ್ತಾರೆ, ಅವರ ಚಿಲ್ಲರೆ ಕೈ ಬದಲಾಗುತ್ತಾ ನಿಮ್ಮೂರು ಹರವೆಗೂ ಬರುತ್ತದೆ. ಸಂಜೆ ಎಣಿಸುವಾಗಲೇ ಒಂದು ಕೆಲಸ ಮಾಡಿ. ಸಿಂಹಲಾಂಛನ ನೆಟ್ಟಗೆ ಕಾಣುವಂತೆ ನಾಣ್ಯದ ಮೇಲು ಕೆಳಗನ್ನು ಎರಡು ಬೆರಳಲ್ಲಿ ಹಿಡಿದು, ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಅಡ್ಡ ಅಥವಾ ತಲೆಕೆಳಗಾಗಿ ಬಂತೋ, ಅಚ್ಚು ತಿರುಗಿ ಕೂತಿತ್ತು ಎಂದರ್ಥ. ಕೊಂಚ ವಾಲಿದ್ದರೆ ಬಿಟ್ಟುಬಿಡಿ, ಅಂಥವು ಬೇಕಾದಷ್ಟಿವೆ.

ನಿಜಕ್ಕೂ ಮೈ ಜುಮ್ಮೆನಿಸುವುದು ಸಂಗ್ರಾಹಕರು ‘ಲಾಖಿ’ ಎನ್ನುವ ನಾಣ್ಯ. ಒತ್ತಿದ ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಂಡಿರುತ್ತದೆ. ಮುಂದಿನ ಬಿಲ್ಲೆಗೆ ಅದೇ ಅಚ್ಚಾಗಿಬಿಡುತ್ತದೆ. ಆಗ ಒಂದು ಬದಿ ಎಂದಿನ ಸಿಂಹ, ಇನ್ನೊಂದು ಬದಿ ಅದೇ ಸಿಂಹ ಎಡಬಲ ಅದಲುಬದಲಾಗಿ, ಉಬ್ಬುವ ಬದಲು ತಗ್ಗಾಗಿ.

ತಪ್ಪಲ್ಲದ್ದನ್ನು ತಪ್ಪೆಂದು ಮಾರುವವರೂ ಇದ್ದಾರೆ. ಇಸವಿಯ ಕೆಳಗಿನ ಚುಕ್ಕೆ ನೋಯ್ಡಾ ಟಂಕಸಾಲೆಯ ಗುರುತು. ವಜ್ರಾಕೃತಿ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹತ್ತು ರೂಪಾಯಿಯ ನಾಣ್ಯ ಒಂದೊಂದು ಒಂದೊಂದು ಥರ ಇದೆ ಎಂದು ಅಂಗಡಿಯವರು ಬೇಡವೆನ್ನುತ್ತಿದ್ದಾಗ, 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಹೇಳಬೇಕಾಯಿತು. ಇನ್ನು ಟಿಪ್ಪು ಕಾಲದ ಆನೆಯ ತಾಮ್ರದ ಕಾಸುಗಳಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಹಿಗ್ಗಬೇಡಿ. ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದವು ಅವು, ನಡುಮಧ್ಯೆ ಬಿದ್ದದ್ದೇ ವಿಶೇಷ.

ಬೆಲೆ ಕೇಳಿದಿರಲ್ಲ: ಕಡಿತ ಅಸಲಿಯಾದರೆ ಮುಖಬೆಲೆಗಿಂತ ಹೆಚ್ಚು ಕೊಡುವ ಸಂಗ್ರಾಹಕರು ಸಿಗುತ್ತಾರೆ. ಆದರೆ ಯೂಟ್ಯೂಬಿನ ಲಕ್ಷಗಳನ್ನು ನಂಬಬೇಡಿ. ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ, ತೆರಿಗೆ ಕಟ್ಟಿ ಎಂದು ತನ್ನ ಹೆಸರಲ್ಲೇ ವಂಚಿಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಂಥ ಫೋನ್ ಬಂದರೆ ಸುಮ್ಮನೆ ಇಟ್ಟುಬಿಡಿ.

ಹಾಂ, ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೀರಿ ಮತ್ತೆ! ಸಂಗ್ರಾಹಕರು ತಿಕ್ಕಿದ ನಾಣ್ಯವನ್ನು ಕೈಯಲ್ಲೂ ಮುಟ್ಟುವುದಿಲ್ಲ. ಒಣ ಕಾಗದದ ಲಕೋಟೆಯಲ್ಲಿ ಇಡಿ. ಎದುರಂಚು ಹೇಗಿದೆ, ತೂಕ ಎಷ್ಟು ಬಂತು, ಬೇಗ ಬರೆಯಿರಿ.

ಇಂತಿ ನಿಮ್ಮ,
ಚಿಲ್ಲರೆ ಎಣಿಸುವ ತಮ್ಮ