ಇಟಲಿಯ ಕಡಲಂಚಿನ ದಾರಿ

ದೀಪಾವಳಿಯ ಮರುದಿನ ಬೆಳಗಾವಿಯ ಶಹಾಪುರದ ಒಂದು ಮನೆಯ ಪಡಸಾಲೆಯಲ್ಲಿ ಇಟಲಿ ದೇಶವನ್ನು ನೆಲದ ಮೇಲೆ ಹಾಸಲಾಯಿತು. ನಕಾಶೆ ಸುರುಳಿಯಾಗದಂತೆ ಅದರ ಒಂದು ಮೂಲೆಗೆ ಫರಾಳದ ಡಬ್ಬಿಯನ್ನೂ, ಇನ್ನೊಂದಕ್ಕೆ ಪಂಚಾಂಗವನ್ನೂ, ಮೂರನೆಯದಕ್ಕೆ ಅಡಕೊತ್ತನ್ನೂ ಇಟ್ಟದ್ದಾಯಿತು. ನಾಲ್ಕನೆಯ ಮೂಲೆಯ ಮೇಲೆ ಹತ್ತು ವರ್ಷದ ಮೊಮ್ಮಗಳು ತಾನೇ ಕುಳಿತಳು. ಮುಂದಿನ ಬೇಸಗೆಯ ರಜೆಯಲ್ಲಿ ಮನೆಯ ಐವರೂ ಇಟಲಿಗೆ ಹೋಗುವುದು, ಅಲ್ಲಿ ಒಂದು ಕಾರನ್ನು ಬಾಡಿಗೆಗೆ ಹಿಡಿದು ಹತ್ತು ದಿನ ಕಡಲಂಚಿನಲ್ಲಿ ಸಾಗುವುದು ಎಂಬಷ್ಟು ನಿಶ್ಚಯವಾಗಿತ್ತು. ಯಾವ ಕಡಲು ಎಂಬುದು ಮಾತ್ರ ನಿಶ್ಚಯವಾಗಿರಲಿಲ್ಲ.

ಇಟಲಿಯ ವಿಷಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬೂಟಿನ ಆಕಾರದ ಆ ದೇಶವನ್ನು ಮೂರು ಕಡೆಗಳಲ್ಲಿ ಸಮುದ್ರ ಸುತ್ತುವರಿದಿದೆ. ದ್ವೀಪಗಳನ್ನೂ ಸೇರಿಸಿದರೆ ಕರಾವಳಿಯ ಉದ್ದ 7,000 ಕಿಲೋಮೀಟರಿಗೂ ಹೆಚ್ಚು. ಹತ್ತು ದಿನಗಳಲ್ಲಿ ಅದೆಲ್ಲವನ್ನೂ ನೋಡಹೊರಟವನು ನೋಡುವುದು ರಸ್ತೆಯನ್ನು ಮಾತ್ರ.

ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನ ಬೆರಳು ಮೊದಲು ಉತ್ತರಕ್ಕೆ, ಲಿಗೂರಿಯದ ತೀರಕ್ಕೆ ಹೋಯಿತು. ಫ್ರಾನ್ಸಿನ ಗಡಿಯಲ್ಲಿರುವ ವೆಂತಿಮೀಲಿಯದಿಂದ ಹೊರಟು, ಕೊಲಂಬಸನ ಊರಾದ ಜಿನೋವಾವನ್ನು ಹಾದು, ರೋಮಿನವರೆಗೆ ಇಳಿದುಬರುವ ರಾಜಮಾರ್ಗಕ್ಕೆ ಔರೇಲಿಯ ಎಂದು ಹೆಸರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ರೋಮನ್ನರು ಹಾಕಿದ ದಾರಿಯ ಹೆಸರನ್ನೇ ಅದು ಇಂದಿಗೂ ಹೊತ್ತಿದೆ. ಒಂದು ಕಡೆ ಬೆಟ್ಟ, ಒಂದು ಕಡೆ ನೀರು; ನಡುವೆ ಒಂದಾದ ಮೇಲೊಂದು ಸುರಂಗ, ಒಂದಾದ ಮೇಲೊಂದು ಸೇತುವೆ. ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಮಳೆಯ ನಡುವೆ ಮೊರಾಂದಿ ಸೇತುವೆ ಕುಸಿದು 43 ಜನ ಸತ್ತರು. ಇಟಲಿಯವರು ಸಂಸಾರ ಸಮೇತ ರಜೆಗೆ ಹೊರಡುವ ದಿನಗಳು ಅವು. ಎರಡು ವರ್ಷಗಳೊಳಗೆ, ಅದೇ ಊರಿನ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಹೊಸ ಸೇತುವೆ ಅಲ್ಲಿ ನಿಂತಿತು.

ಮೊಮ್ಮಗಳಿಗೆ ಆ ತೀರದ ಚಿಂಕ್ವೆ ತೆರ್ರೆ, ಅಂದರೆ ‘ಐದು ನೆಲಗಳು’ ಎಂಬ ಐದು ಹಳ್ಳಿಗಳು ಬೇಕಾಗಿದ್ದವು. ಕಡಿದಾದ ಬಂಡೆಗಳ ಮೇಲೆ ಬಣ್ಣಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಂತೆ ಕಾಣುವ ಆ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡದವರಿಲ್ಲ. ಆದರೆ ಆ ಹಳ್ಳಿಗಳಿಗೂ ಕಾರಿಗೂ ಹೊಂದಿಕೆಯಿಲ್ಲ. ವಾಹನಗಳನ್ನು ಊರ ಹೊರಗೇ ತಡೆಯುತ್ತಾರೆ. ತಿಳಿದವರು ಲಾ ಸ್ಪೆಜಿಯದಲ್ಲಿಯೋ ಲೇವಂತೊದಲ್ಲಿಯೋ ಕಾರನ್ನು ಬಿಟ್ಟು, ಹಳ್ಳಿಯಿಂದ ಹಳ್ಳಿಗೆ ಸಾಗುವ ರೈಲನ್ನೇರುತ್ತಾರೆ. ಕಾರನ್ನು ನಿಲ್ಲಿಸಿ ರೈಲು ಹತ್ತುವುದಾದರೆ ಕಾರೇಕೆ ಎಂದು ಸೊಸೆ ಕೇಳಿದಳು. ಲಿಗೂರಿಯ ಅಲ್ಲಿಗೆ ಕೈಬಿಟ್ಟಿತು.

ಸೊಸೆಯ ಮನಸ್ಸಿದ್ದದ್ದು ದಕ್ಷಿಣದ ಅಮಾಲ್ಫಿ ತೀರದ ಮೇಲೆ. ವಿಯೆತ್ರಿಯಿಂದ ಪೊಸಿತಾನೊ ಕಡೆಗೆ ಹೋಗುವ 163ನೆಯ ಸಂಖ್ಯೆಯ ರಸ್ತೆಯ ಉದ್ದ ಹೆಚ್ಚೆಂದರೆ 50 ಕಿಲೋಮೀಟರ್. ಆ 50 ಕಿಲೋಮೀಟರಿನಲ್ಲಿ ನೇರವಾದ ರಸ್ತೆ ಎಷ್ಟಿದೆಯೆಂದು ಕೇಳುವುದು, ಹಾವಿನ ಮೈಯಲ್ಲಿ ನೇರವೆಷ್ಟೆಂದು ಕೇಳಿದಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೇಪಲ್ಸಿನ ದೊರೆಗಳು ಬಂಡೆ ಕಡಿಸಿ ಮಾಡಿಸಿದ ದಾರಿ ಅದು. ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಪಾತಿಗಳಲ್ಲಿ ನಿಂಬೆಯ ತೋಟಗಳು. ಕೆಳಗೆ, ನೂರಾರು ಅಡಿ ಆಳದಲ್ಲಿ, ನೀಲಿ ನೀರು. ಒಂದು ಕಾಲಕ್ಕೆ ಪೀಸಾ, ಜಿನೋವಾ, ವೆನಿಸುಗಳ ಸಾಲಿನಲ್ಲಿ ನಿಲ್ಲುವ ಕಡಲ ಗಣರಾಜ್ಯವಾಗಿದ್ದ ಅಮಾಲ್ಫಿ ಇಂದು ಒಂದು ಚಿಕ್ಕ ಊರು. ಅದರ ಮೇಲಿನ ಬೆಟ್ಟದಲ್ಲಿ ರವೆಲ್ಲೊ. ಅಲ್ಲಿಯ ರುಫೊಲೊ ತೋಟಕ್ಕೆ 1880ರಲ್ಲಿ ಬಂದ ಜರ್ಮನ್ ಸಂಗೀತಗಾರ ವ್ಯಾಗ್ನರ್, ತನ್ನ ನಾಟಕದ ಮಾಯಾವನ ಸಿಕ್ಕಿತೆಂದು ಸಂತೋಷಪಟ್ಟನು. 1997ರಲ್ಲಿ ಯುನೆಸ್ಕೊ ಈ ತೀರವನ್ನೂ ಚಿಂಕ್ವೆ ತೆರ್ರೆಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಇಕ್ಕಟ್ಟಿನ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದರೆ ಗತಿಯೇನು ಎಂಬ ಚಿಂತೆ ಮಗನಿಗೆ. ಆತನೇ ಕಾರು ನಡೆಸತಕ್ಕವನು. ಚೋರ್ಲಾ ಘಾಟಿನಲ್ಲಿ ನೂರು ಸಲ ಹತ್ತಿಳಿದ ಕೈ ನಿಜ. ಆದರೆ ಇಟಲಿಯಲ್ಲಿ ವಾಹನಗಳು ರಸ್ತೆಯ ಬಲಗಡೆಗೆ ಸಾಗುತ್ತವೆ, ಚಾಲಕ ಎಡಗಡೆಗೆ ಕೂರುತ್ತಾನೆ. ಸಾಲದೆಂಬಂತೆ 2022ರಿಂದ ಜನಸಂದಣಿಯ ದಿನಗಳಲ್ಲಿ ಈ ರಸ್ತೆಗೆ ಇನ್ನೊಂದು ಕಟ್ಟಳೆ ಬಂದಿದೆ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಒಂದು ದಿನ ಸಮಸಂಖ್ಯೆಯಲ್ಲಿ ಕೊನೆಯಾಗುವ ನಂಬರಿನ ಕಾರುಗಳಿಗೆ ಪ್ರವೇಶವಿದ್ದರೆ ಮರುದಿನ ಬೆಸಸಂಖ್ಯೆಯವಕ್ಕೆ. ಬಾಡಿಗೆಯ ಕಾರಿಗೆ ಯಾವ ನಂಬರು ಬರುವುದೆಂದು ಪಂಚಾಂಗ ನೋಡಿದರೂ ತಿಳಿಯದು. ಕೊನೆಗೆ ಅಮಾಲ್ಫಿಗೆ ಸಲೆರ್ನೊ ಬಂದರಿನಿಂದ ದೋಣಿಯಲ್ಲಿ ಹೋಗುವುದೇ ಮೇಲೆಂದು ಆತನೇ ಸೂಚಿಸಿದನು. ಬಂಡೆಯ ಮೇಲೆ ನೇತಾಡುವ ಊರುಗಳು ಚೆನ್ನಾಗಿ ಕಾಣುವುದು ನೀರಿನಿಂದಲೇ.

ಹೀಗೆ ಕಾರಿನ ಪ್ರವಾಸದಲ್ಲಿ ಕಾರಿಗೆ ಇನ್ನೂ ಜಾಗ ಸಿಕ್ಕಿರಲಿಲ್ಲ. ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತು, ಅಡಕೊತ್ತು ನಕಾಶೆಯ ಪಾಲಾದುದರಿಂದ ಕೈಗೆ ಕೆಲಸವಿಲ್ಲದೆ, ಎಲ್ಲರ ಮಾತನ್ನೂ ಆಲಿಸುತ್ತಿದ್ದ ಆಯಿ ಆಗ ಬಾಯಿ ತೆರೆದರು. ಎಂಬತ್ತು ದಾಟಿದ ಜೀವ. ಪ್ರವಾಸದಲ್ಲಿ ಅವರನ್ನು ಸೇರಿಸಿಕೊಂಡಿದ್ದರೇ ಹೊರತು ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

“ನಮ್ಮಪ್ಪನ ಹೆಸರು ಅಲ್ಲಿ ಕಲ್ಲಿನ ಮ್ಯಾಲೆ ಐತಿ ಅಂದಿದ್ದೆಲ್ಲೋ ತಮ್ಮಾ,” ಎಂದು ಅವರು ಮೊಮ್ಮಗನನ್ನು ಕೇಳಿದರು. “ಇಷ್ಟು ವರ್ಷದಾಗ ಅದನ್ನ ಯಾರರ ಓದ್ಯಾರೇನು?”

ಪಡಸಾಲೆಯಲ್ಲಿ ಯಾರೂ ಉತ್ತರಿಸಲಿಲ್ಲ.

ಆಯಿಯ ತಂದೆ ಮರಾಠಾ ಪದಾತಿದಳದ ಸಿಪಾಯಿ. ಇಂದಿಗೂ ಬೆಳಗಾವಿಯಲ್ಲೇ ಕೇಂದ್ರವಿರುವ ಆ ರೆಜಿಮೆಂಟಿನ ಒಂದು ಬೆಟಾಲಿಯನ್, ಎರಡನೆಯ ಮಹಾಯುದ್ಧದಲ್ಲಿ ಎಂಟನೆಯ ಇಂಡಿಯನ್ ಡಿವಿಜನ್ನಿನೊಂದಿಗೆ 1943ರ ಸೆಪ್ಟೆಂಬರಿನಲ್ಲಿ ಇಟಲಿಯ ತಾರಂತೊ ಬಂದರಿನಲ್ಲಿ ಇಳಿಯಿತು. ಆ ಸೇನೆ ಪೂರ್ವದ ಏಡ್ರಿಯಾಟಿಕ್ ತೀರವನ್ನು ಹಿಡಿದು ಉತ್ತರಕ್ಕೆ ಸಾಗಿತು. ಬೆಟ್ಟಗಳಿಂದ ಕಡಲಿಗೆ ಅಡ್ಡಲಾಗಿ ಹರಿಯುವ ನದಿಗಳನ್ನು ಒಂದೊಂದಾಗಿ ದಾಟಬೇಕಾಗಿತ್ತು. ಪ್ರತಿಯೊಂದು ನದಿಯ ಆಚೆ ದಡದಲ್ಲೂ ಜರ್ಮನರು ಕಾದಿದ್ದರು. ನವೆಂಬರಿನ ಮಳೆಗೆ ಸಾಂಗ್ರೋ ನದಿ ಉಕ್ಕಿ, ಕಟ್ಟಿದ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಆ ತಿಂಗಳ ಕಾಳಗದಲ್ಲಿ ಆತ ಸತ್ತನು. ತಂದೆ ಮನೆ ಬಿಟ್ಟಾಗ ಆಯಿ ತೊಟ್ಟಿಲಲ್ಲಿದ್ದರು. ಮನೆಗೆ ಬಂದದ್ದು ಒಂದು ಕಾಗದ, ಬೂದಿಯೂ ಬರಲಿಲ್ಲ.

ಸಾಂಗ್ರೋ ನದಿಯ ಯುದ್ಧಸ್ಮಶಾನ ಕಡಲಿನಿಂದ ಕೆಲವೇ ಕಿಲೋಮೀಟರ್ ಒಳಗೆ, ತೊರೀನೊ ದಿ ಸಾಂಗ್ರೋ ಎಂಬ ಊರಿನ ಎಲ್ಲೆಯಲ್ಲಿದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ನೋಡಿಕೊಳ್ಳುವ ಈ ಸ್ಥಳದಲ್ಲಿ 2,600ಕ್ಕೂ ಹೆಚ್ಚು ಯೋಧರ ಗೋರಿಗಳಿವೆ. ಅವುಗಳ ನಡುವೆಯೇ, ತಮ್ಮ ಧರ್ಮದ ಪ್ರಕಾರ ದಹನಗೊಂಡು ಗೋರಿಯಿಲ್ಲದೆ ಹೋದ ಭಾರತೀಯ ಸೈನಿಕರಿಗಾಗಿ ಒಂದು ಪ್ರತ್ಯೇಕ ಸ್ಮಾರಕವಿದೆ. ಅದರಲ್ಲಿ ಕೆತ್ತಿರುವ ಹೆಸರುಗಳು 500ಕ್ಕೂ ಹೆಚ್ಚು. ಆಯೋಗದ ದಾಖಲೆಗಳನ್ನು ಈಗ ಯಾರು ಬೇಕಾದರೂ ಮನೆಯಿಂದಲೇ ಹುಡುಕಬಹುದು. ಹಿಂದೊಂದು ದಿನ ಮೊಮ್ಮಗ ಕುತೂಹಲಕ್ಕೆಂದು ಹುಡುಕಿದ್ದನು. ಸಿಕ್ಕಿದ್ದನ್ನು ಆಯಿಗೆ ಹೇಳಿ ತಾನು ಮರೆತಿದ್ದನು. ಆಯಿ ಮರೆತಿರಲಿಲ್ಲ.

ಆಮೇಲೆ ಯೋಜನೆ ತಾನಾಗಿಯೇ ರೂಪುಗೊಂಡಿತು. ಮೊದಲ ಎರಡು ದಿನ ರೋಮ್. ಅಲ್ಲಿ ಕಾರು ಬೇಡ. ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನವರ ವಾಹನಗಳು ನುಗ್ಗುವಂತಿಲ್ಲ. ಬಿಳಿಯ ಫಲಕದ ಮೇಲೆ ಕೆಂಪು ವೃತ್ತ ಕಂಡರೆ ಅದು ಲಕ್ಷ್ಮಣರೇಖೆ. ದಾಟಿದವರ ನಂಬರನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಬಳಿಕ ಬೆಳಗಾವಿಯ ವಿಳಾಸವನ್ನೂ ಹುಡುಕಿಕೊಂಡು ಬರುತ್ತದೆ. ರೋಮಿನಿಂದ ರೈಲಿನಲ್ಲಿ ಸಲೆರ್ನೊ. ಅಲ್ಲಿಂದ ದೋಣಿಯಲ್ಲಿ ಅಮಾಲ್ಫಿ. ಸೊಸೆ ನಾಲ್ಕು ದಿನ ಕೇಳಿದ್ದಳು. ಯಾರೂ ಹೇಳದೆಯೇ ಅದನ್ನು ಎರಡಕ್ಕೆ ಇಳಿಸಿದಳು. ಐದನೆಯ ಬೆಳಿಗ್ಗೆ ಸಲೆರ್ನೊದಲ್ಲಿ ಕಾರು. ಅವೆಲ್ಲೀನೊದ ಬೆಟ್ಟಗಳನ್ನು ಹತ್ತಿಳಿದು, ಮೇ ತಿಂಗಳಲ್ಲಿ ಗೋಧಿಯ ಪೈರು ತುಂಬಿರುವ ಫೊಜ್ಜಾ ಬಯಲನ್ನು ಹಾದು, ಏಡ್ರಿಯಾಟಿಕ್ ತೀರದ ವಾಸ್ತೊ ತಲುಪಲು ಸುಮಾರು 300 ಕಿಲೋಮೀಟರ್. ಅಲ್ಲಿ ಎರಡು ರಾತ್ರಿ ತಂಗು. ಅಲ್ಲಿಂದ ಓರ್ತೊನಾದವರೆಗಿನ ತೀರಕ್ಕೆ ‘ತ್ರಬೊಕ್ಕಿ’ಗಳ ತೀರವೆಂದೇ ಹೆಸರು. ಕಂಬಗಳ ಮೇಲೆ ನಿಂತು, ನೀರಿನ ಮೇಲೆ ಚಾಚಿದ ಉದ್ದನೆಯ ಗಳುಗಳಿಂದ ಬಲೆಯನ್ನು ಇಳಿಬಿಡುವ ಮರದ ಅಟ್ಟಗಳೇ ತ್ರಬೊಕ್ಕಿಗಳು. ಮರಳಿ ಬರುವುದು ಪೆಸ್ಕಾರದಿಂದ ಬೆಟ್ಟಗಳ ನಡುವಿನ ಹೆದ್ದಾರಿಯಲ್ಲಿ ರೋಮಿಗೆ, ಸುಮಾರು 200 ಕಿಲೋಮೀಟರ್. ಕಾರನ್ನು ಊರೊಳಗೆ ಒಯ್ಯದೆ ವಿಮಾನ ನಿಲ್ದಾಣದಲ್ಲೇ ಒಪ್ಪಿಸುವುದು.

ಕೆಲಸಗಳ ಪಟ್ಟಿ ಪಂಚಾಂಗದ ಹಿಂಬದಿಯಲ್ಲಿ ಬೆಳೆಯಿತು. ಐವರಿಗೂ ಶೆಂಗೆನ್ ವೀಸಾ. ಅದಕ್ಕೆ 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ಮಗನಿಗೆ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಜೊತೆಗೆ ಮೂಲ ಲೈಸೆನ್ಸ್. ಎತ್ತರ 150 ಸೆಂಟಿಮೀಟರ್ ತಲುಪದ ಮೊಮ್ಮಗಳಿಗೆ ಮಕ್ಕಳ ಆಸನ ಕಡ್ಡಾಯ. ಇದನ್ನು ಕೇಳಿ ಆಕೆ ಗೋಡೆಗೆ ಒರಗಿ ನಿಂತು ಎರಡು ಸಲ ಅಳೆಯಿಸಿಕೊಂಡಳು. ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್ ಮಿತಿ, ಮಳೆಯಲ್ಲಿ 110, ಊರೊಳಗೆ 50. ಸುಂಕದ ಕಟ್ಟೆಯಲ್ಲಿ ಹಳದಿ ಫಲಕದ ಸಾಲು ಮೊದಲೇ ಸಾಧನ ಕೊಂಡವರಿಗೆ. ಹೊಸಬರು ಚೀಟಿ ಕೊಡುವ ಸಾಲಿನಲ್ಲೇ ನಿಲ್ಲಬೇಕು. ನೀಲಿ ಗೆರೆಯೊಳಗೆ ನಿಲ್ಲಿಸಿದರೆ ಹಣ, ಬಿಳಿ ಗೆರೆಯೊಳಗೆ ಬಿಟ್ಟಿ. ‘ಬೆನ್ಸೀನ’ ಎಂದರೆ ಪೆಟ್ರೋಲು, ‘ಗಸೋಲಿಯೊ’ ಎಂದರೆ ಡೀಸೆಲ್. ತಪ್ಪಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತು ತಪ್ಪಿದರೆ ರಾತ್ರಿ ಏಳೂವರೆಯವರೆಗೆ ಹೋಟೆಲುಗಳ ಅಡಿಗೆಮನೆ ತೆರೆಯದಾದ್ದರಿಂದ, ಆಯಿಗಾಗಿ ಶೇಂಗಾ ಹಿಂಡಿ ಮತ್ತು ಕಟಕರೊಟ್ಟಿ ಎಂಬ ಸಾಲೂ ಪಟ್ಟಿಯಲ್ಲಿ ಸೇರಿತು.

ರೋಮಿನ ಎರಡು ದಿನಗಳೊಳಗೆ ಮೊಮ್ಮಗ ಒಂದು ದೇವಾಲಯವನ್ನು ಬರೆದುಕೊಂಡನು: ಅರಾಚೇಲಿಯ ಸಂತ ಮರಿಯಳ ಇಗರ್ಜಿ. ಅಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಮನೆತನದ ಸಮಾಧಿಯಿದೆ. 1623ರಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ರಾಜಧಾನಿಯಲ್ಲಿ ಕಂಡುದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರಗಳಲ್ಲಿ ಬರೆದ ರೋಮನ್ ಪ್ರವಾಸಿ ಆತ. ಅವನ ಹೆಂಡತಿ ಮಾನಿ 1621ರಲ್ಲಿ ಪರ್ಷಿಯದಲ್ಲಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಬಿಟ್ಟುಹೋಗಲಾರದೆ, ದೇಹ ಕೆಡದಂತೆ ಸಂಸ್ಕರಿಸಿ, ದೇಶದೇಶಗಳನ್ನು ದಾಟಿ ತನ್ನೂರಿಗೆ ಒಯ್ದು, 1627ರಲ್ಲಿ ಆ ಇಗರ್ಜಿಯಲ್ಲಿ ಮಣ್ಣು ಮಾಡಿದನು. ಈ ಕಥೆಯನ್ನು ಕೇಳಿ ಆಯಿ ಬಹಳ ಹೊತ್ತು ಸುಮ್ಮನಿದ್ದರು. “ಅವನ ಕೈಲಿ ಆತು. ನಮ್ಮವ್ವನ ಕೈಲಿ ಹ್ಯಾಂಗ ಆದೀತು?” ಎಂದಷ್ಟೇ ಅಂದರು.

ಅಂಗಳದ ತುಳಸಿಕಟ್ಟೆಯ ಒಂದು ಹಿಡಿ ಮಣ್ಣನ್ನು ಒಯ್ದು ಆ ಕಲ್ಲಿನ ಬುಡದಲ್ಲಿ ಇಡಬೇಕೆಂಬುದು ಅವರ ಆಸೆಯಾಗಿತ್ತು. ಯುರೋಪಿನ ಕಾನೂನು ಅದಕ್ಕೆ ಅಡ್ಡ ಬಂದಿತು: ಬೆಳೆಗಳಿಗೆ ರೋಗ ತಗಲೀತೆಂದು ಹೊರದೇಶದ ಮಣ್ಣನ್ನು ಒಳಗೆ ಬಿಡುವುದಿಲ್ಲ. ಮಗ ಇದನ್ನು ಹೇಳಲಾರದೆ ಹೇಳಿದನು. ಆಯಿ ಬೇಸರಪಡಲಿಲ್ಲ. ಮಣ್ಣು ಎಲ್ಲಿಯದಾದರೂ ಮಣ್ಣೇ ಎಂದು ಬಿಟ್ಟುಕೊಟ್ಟು, ಬೇರೊಂದು ಪ್ರಶ್ನೆ ಕೇಳಿದರು: ಕಲ್ಲಿನ ಮೇಲಿನ ಅಕ್ಷರ ಯಾವುದು? ಇಂಗ್ಲಿಷ್ ಎಂದು ಮೊಮ್ಮಗಳು ಹೇಳಿದಳು. ಆಯಿಗೆ ಕನ್ನಡವೂ ಮರಾಠಿಯೂ ಓದಲು ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಸಂಜೆ ನಕಾಶೆಯನ್ನು ಮಡಿಚುವ ಮುನ್ನ ಪೆನ್ಸಿಲು ಆಯಿಯ ಕೈಗೆ ಬಂದಿತು. ಏಡ್ರಿಯಾಟಿಕ್ ಸಮುದ್ರದ ಬರಿದಾದ ನೀಲಿಯ ಮೇಲೆ ಮೊಮ್ಮಗಳು ಒಂದೊಂದೇ ಅಕ್ಷರ ಬರೆದು ತೋರಿಸಿದಳು; ಅದರ ಕೆಳಗೆ ಆಯಿ ನಡುಗುವ ಕೈಯಿಂದ ತಿದ್ದಿದರು. ಹೊರಡಲು ಇನ್ನೂ ಆರು ತಿಂಗಳು ಬಾಕಿ. ಒಂದು ಹೆಸರನ್ನು ಕಲಿಯುವುದಕ್ಕೆ ಅಷ್ಟು ದಿನ ಧಾರಾಳವಾಯಿತು.