ಹೋಗಿ ಬರುವ ನಾದ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವಾಗ ನಮ್ಮ ಮನೆಯವರು ಅದನ್ನು ಒಡೆದು ನೋಡುವುದಿಲ್ಲ. ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಠಣ್ಣೆಂದರೆ ಗಟ್ಟಿ, ಬೊದ್ದೆಂದರೆ ಬಿರುಕು. ಪದಾರ್ಥಕ್ಕೆ ಕೇಡಾಗದಂತೆ ಅದರ ಅಂತರಂಗವನ್ನರಿಯುವ ಈ ವಿದ್ಯೆಯು ಕಾರ್ಖಾನೆಯಲ್ಲಿ ಯಾವ ರೂಪವನ್ನು ತಾಳಿದೆಯೆಂಬುದನ್ನು ಕಳೆದ ವರ್ಷ ನನ್ನ ಹಳೆಯ ಶಿಷ್ಯನೊಬ್ಬನ ಬಳಿ ಕಂಡೆನು.

ಅವನ ಮುಂದೆ ಯಂತ್ರವೊಂದರ ಉಕ್ಕಿನ ಇರುಸು ಮಲಗಿತ್ತು. ಅದಕ್ಕೆ ಎಣ್ಣೆ ಸವರಿ, ಸಣ್ಣದೊಂದು ಶೋಧಕವನ್ನು ಒತ್ತಿದನು. ಎಣ್ಣೆಯೇಕೆಂದರೆ, ನಡುವೆ ಗಾಳಿಯ ತೆಳುಪೊರೆ ಉಳಿದರೂ ನಾದವು ಉಕ್ಕನ್ನು ಹೊಗದೆ ಹಿಂದಿರುಗುವುದಂತೆ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಆ ನಾದವು ನಮ್ಮ ಕಿವಿಗೆ ನಿಲುಕದು. ಅದು ಇರುಸಿನ ಆಚೆಯ ಮೈಯನ್ನು ಮುಟ್ಟಿ ಮರುದನಿಯಾಗಿ ಬರುತ್ತದೆ. ನಡುವೆ ಬಿರುಕಿದ್ದರೆ ಅಲ್ಲಿಂದಲೇ ಒಂದಂಶವು ಮುಂಚಿತವಾಗಿ ಮರಳುತ್ತದೆ. ಪರದೆಯ ಮೇಲೆ 80 ಮೈಕ್ರೋಸೆಕೆಂಡಿಗೆ ಒಂದು ದೊಡ್ಡ ಶಿಖರ, 20ಕ್ಕೆ ಒಂದು ಕಿರುಶಿಖರ ಮೂಡಿದವು. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು.

ಉಕ್ಕಿನಲ್ಲಿ ಇಂತಹ ನಾದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರು, ಮೈಕ್ರೋಸೆಕೆಂಡಿಗೆ 5.9 ಮಿಲಿಮೀಟರು. ಭಾಸ್ಕರಾಚಾರ್ಯರ ಲೀಲಾವತಿಯನ್ನೋದಿದ ನನಗೆ ಇದು ಶುದ್ಧ ತ್ರೈರಾಶಿಕವೆಂದು ಹೊಳೆದು, ಹಿಗ್ಗಿನಿಂದ, ಅವನು ಬಾಯಿ ತೆರೆಯುವ ಮೊದಲೇ, "ಬಿರುಕು 118 ಮಿಲಿಮೀಟರು ಆಳದಲ್ಲಿದೆ" ಎಂದು ಸಾರಿಬಿಟ್ಟೆನು.

ಅವನು ಮೆಲ್ಲನೆ, "ಮೇಷ್ಟ್ರೇ, ನಾದ ಹೋಗಿ ಬರಬೇಕಲ್ಲವೇ?" ಎಂದನು.

ಅರ್ಧ ಮಾಡುವುದನ್ನು ಮರೆತಿದ್ದೆ! ಆಳ 59 ಮಿಲಿಮೀಟರು. ದೊಡ್ಡ ಶಿಖರದ ಲೆಕ್ಕದಂತೆ ಇರುಸಿನ ದಪ್ಪ 236. ಅಳೆದು ನೋಡಿದರೆ ಅದೂ ಸರಿಹೋಯಿತು. ಭಾರಕ್ಕೆ ಬಾಗುವ ಇರುಸಿನ ನಟ್ಟನಡುವೆ ಆ ಬಾಗಿನ ಎಳೆತ ಶೂನ್ಯ. ಹೊರಮೈಗೆ ಸಾಗಿದಂತೆ ಅದು ಏರುತ್ತದೆ. ನನ್ನ 118 ಬಿರುಕನ್ನು ನಿರಪಾಯವಾದ ನಡುವಿನಲ್ಲಿ ಕೂರಿಸಿತ್ತು. ನಿಜವಾಗಿ ಅದು ಹೊರಮೈಗೂ ನಡುವಿಗೂ ಸರಿಯರ್ಧ ದೂರದಲ್ಲಿ, ಎಳೆತದೊಳಗೇ ಇತ್ತು. ಶಿಷ್ಯನು ಇರುಸಿಗೆ ಕೆಂಪು ಬಣ್ಣದ ಗುರುತು ಹಾಕಿ ಬೇರೆ ಇರಿಸಿದನು.

ನನಗಾದರೋ ಬೇರೊಂದು ಲೆಕ್ಕ ನೆನಪಾಗಿತ್ತು. ಎತ್ತಿನ ಗಾಡಿಯೊಂದು ಊರಿಗೆ ಹೋಗಿ ಬಂದ ಒಟ್ಟು ಹೊತ್ತನ್ನು ಕೊಟ್ಟು ದೂರವನ್ನು ಕೇಳಿದ್ದೆ. ಇವನೇ ಅರ್ಧ ಮಾಡುವುದನ್ನು ಮರೆತಿದ್ದನು. ಅದಕ್ಕಾಗಿ ತರಗತಿ ಮುಗಿಯುವತನಕ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಹುಡುಗನ ಕಣ್ಣು ತುಂಬಿದ್ದನ್ನು ಕಂಡೂ ಕಾಣದವನಂತಿದ್ದೆ.

"ಆ ಗಾಡಿಯ ಲೆಕ್ಕ ನೆನಪಿದೆಯೇನಪ್ಪಾ?" ಎಂದು ಕೇಳಿದೆನು.

ಅವನು ನಕ್ಕು, ಕೈಗಂಟಿದ ಎಣ್ಣೆಯನ್ನು ಒರಸಿಕೊಳ್ಳುತ್ತ, "ಇಲ್ಲಿ ಬೆಂಚಿಲ್ಲ, ಮೇಷ್ಟ್ರೇ. ಕುರ್ಚಿಯಿದೆ, ಕುಳಿತುಕೊಳ್ಳಿ" ಎಂದನು.